ಮಕ್ಕಳನ್ನು ಎಣಿಸುವ ಮೊದಲು ತರಗತಿ ಎಣಿಸಿ

ಶಾಲಾ ಶಿಕ್ಷಣ ಸಚಿವರಿಗೆ ಮತ್ತು ಮಲೆನಾಡಿನ ತಂದೆತಾಯಿಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಿಂದ ನಮಸ್ಕಾರ.

ನಾನು ನಮ್ಮೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಅಧ್ಯಕ್ಷೆ. ನಾನು ಓದಿದ್ದೂ ಇದೇ ಶಾಲೆಯಲ್ಲಿ. ನನ್ನ ಅಪ್ಪಯ್ಯ ನಾಲ್ಕನೇ ಕ್ಲಾಸಿನವರೆಗೆ ಓದಿದ್ದೂ ಇಲ್ಲೇ. ಈಗ ನನ್ನ ಮಗ ಇಲ್ಲಿ ಮೂರನೇ ತರಗತಿಯಲ್ಲಿದ್ದಾನೆ. ಊರಿನ ಹೆಸರು ಬರೆಯುತ್ತಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಹೆಸರು ಬರೆದರೆ ನಾಳೆ ವಿವರಣೆ ಕೇಳಿ ಕಾಗದ ಬರುವುದು ನಮ್ಮ ಟೀಚರಿಗೆ. ಅವರಿಗೆ ಈಗ ಇರುವ ಕೆಲಸವೇ ಕೈತುಂಬ ಇದೆ.

ಶಾಲೆಯಲ್ಲಿ 14 ಮಕ್ಕಳಿದ್ದಾರೆ. ಐದು ತರಗತಿ. ಟೀಚರ್ ಒಬ್ಬರೇ.

ಹೋದ ಮಳೆಗಾಲದಲ್ಲಿ ಇನ್ನೊಬ್ಬ ಟೀಚರ್ ಬೇಕು ಎಂದು ಅರ್ಜಿ ಹಿಡಿದು ಪೇಟೆಗೆ ಹೋಗಿದ್ದೆ. ಜೊತೆಗೆ ಇಬ್ಬರು ತಾಯಂದಿರು ಬಂದಿದ್ದರು. ಮಳೆ ಸ್ವಲ್ಪ ಹೊಳವಾಗಿತ್ತು, ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸುವ ದಿನ. ಆ ಕೆಲಸ ಬಿಟ್ಟು ಬಂದಿದ್ದರು. ಅಲ್ಲಿದ್ದ ಅಧಿಕಾರಿ ನಮ್ಮನ್ನು ಕೂರಿಸಿ ಮಾತಾಡಿಸಿದರು. ಒರಟಾಗಿ ಏನೂ ಹೇಳಲಿಲ್ಲ. "ನಿಮ್ಮಲ್ಲಿ ಮಕ್ಕಳೇ ಇಲ್ಲವಲ್ಲಮ್ಮ. ಮೊದಲು ಮಕ್ಕಳನ್ನು ಜಾಸ್ತಿ ಮಾಡಿ, ಆಮೇಲೆ ಟೀಚರ್ ಕೇಳಿ" ಎಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಮೂವರೂ ಮಾತಾಡಲಿಲ್ಲ. ಅವರ ಮಾತಿಗೆ ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಮರುದಿನ ಶಾಲೆಯ ಹಳೇ ಹಾಜರಿ ಪುಸ್ತಕಗಳನ್ನು ತೆಗೆಸಿ ನೋಡಿದೆ. 2021ರಲ್ಲಿ 26 ಮಕ್ಕಳು, ಇಬ್ಬರು ಶಿಕ್ಷಕರು. 2022ರಲ್ಲಿ 25 ಮಕ್ಕಳು. 2023ರಲ್ಲಿ 24. ಆ ವರ್ಷ ಒಬ್ಬ ಮೇಷ್ಟ್ರಿಗೆ ಕೋರಿಕೆ ವರ್ಗಾವಣೆ ಸಿಕ್ಕಿತು. ಅವರ ಊರು ದೂರ, ಮನೆಯಲ್ಲಿ ವಯಸ್ಸಾದ ತಾಯಿ. ಹೋಗಬೇಡಿ ಎಂದು ಹೇಳಲು ನಮಗೂ ಮನಸ್ಸು ಬರಲಿಲ್ಲ. ಆದರೆ ಅವರ ಜಾಗಕ್ಕೆ ಯಾರೂ ಬರಲಿಲ್ಲ. ಮುಂದಿನ ಜೂನ್‌ನಲ್ಲಿ ಹಾಜರಿ ಪುಸ್ತಕದಲ್ಲಿ ಇದ್ದದ್ದು 18 ಹೆಸರು. ಅದರ ಮುಂದಿನ ಜೂನ್‌ನಲ್ಲಿ 14.

ಇಬ್ಬರು ಶಿಕ್ಷಕರಿದ್ದಷ್ಟು ದಿನ ವರ್ಷಕ್ಕೆ ಒಂದು ಮಗು ಕಡಿಮೆಯಾಗುತ್ತಿತ್ತು. ಮೇಷ್ಟ್ರು ಹೋದ ಮೇಲೆ ಒಂದೇ ಸಲಕ್ಕೆ ಆರು. ಮಕ್ಕಳು ಹೋದರು ಅಂತ ಟೀಚರ್ ಹೋಗಲಿಲ್ಲ. ಟೀಚರ್ ಹೋದರು ಅಂತ ಮಕ್ಕಳು ಹೋದರು. ಯಾವುದು ಮೊದಲು ಆಯಿತು ಎಂಬುದಕ್ಕೆ ಪುಸ್ತಕದಲ್ಲಿ ತಾರೀಖು ಇದೆ, ಯಾರು ಬೇಕಾದರೂ ಬಂದು ನೋಡಬಹುದು.

ನಮ್ಮಲ್ಲಿ ಮಕ್ಕಳು ಕಡಿಮೆಯಾಗಿರುವುದು ಸುಳ್ಳಲ್ಲ. ಮಲೆನಾಡಿನ ಮನೆಗಳಲ್ಲಿ ಈಗ ಅಪ್ಪ ಅಮ್ಮ ಇಬ್ಬರೇ ಉಳಿದಿದ್ದಾರೆ. ಮಕ್ಕಳು ಬೆಂಗಳೂರಿನಲ್ಲಿ, ಮೊಮ್ಮಕ್ಕಳೂ ಅಲ್ಲೇ. ಇದು ನಿಮ್ಮ ತಪ್ಪಲ್ಲ, ನಮ್ಮ ತಪ್ಪೂ ಅಲ್ಲ. ನಾನು ಹೇಳುತ್ತಿರುವುದು ಇನ್ನೂ ಊರಲ್ಲೇ ಇರುವ ಮಕ್ಕಳ ವಿಷಯ. ಬೆಳಿಗ್ಗೆ ಏಳೂಕಾಲಿಗೆ ನಮ್ಮೂರಿನ ಅರಳಿಕಟ್ಟೆಯ ಹತ್ತಿರ ಹಳದಿ ವ್ಯಾನ್ ಬಂದು ನಿಲ್ಲುತ್ತದೆ. ಅದಕ್ಕೆ 11 ಮಕ್ಕಳು ಹತ್ತುತ್ತಾರೆ. ಆ ಹನ್ನೊಂದೂ ನಮ್ಮ ಶಾಲೆಗೆ ನಡೆದು ಬರುವಷ್ಟು ಹತ್ತಿರದ ಮನೆಯ ಮಕ್ಕಳೇ.

ಒಬ್ಬರೇ ಟೀಚರ್ ಇರುವ ಶಾಲೆಯ ಒಂದು ದಿನ ಹೇಗಿರುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳಬೇಕು. ಇದನ್ನು ಕಡತದಲ್ಲಿ ಯಾರೂ ಬರೆಯುವುದಿಲ್ಲ.

ಟೀಚರ್ ಬರುವುದು ತಾಲ್ಲೂಕು ಪೇಟೆಯಿಂದ, ಒಂದೇ ಒಂದು ಖಾಸಗಿ ಬಸ್ಸಿನಲ್ಲಿ. ರಸ್ತೆಯಲ್ಲಿ ಇಳಿದು ಇಪ್ಪತ್ತು ನಿಮಿಷ ನಡೆಯಬೇಕು. ಮಳೆಗಾಲದಲ್ಲಿ ಶಾಲೆ ಮುಟ್ಟಿದ ಮೇಲೆ ಮೊದಲ ಕೆಲಸ ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕೀಳುವುದು. ತಮ್ಮದೂ, ಮಕ್ಕಳದೂ. ಪ್ರಾರ್ಥನೆ ಆಗುತ್ತದೆ. ಹಾಲು ಕಾಯಿಸಿ ಕೊಡಬೇಕು. 2013ರಿಂದ ಕ್ಷೀರಭಾಗ್ಯದ ಹಾಲು ಬರುತ್ತಿದೆ, ಈಚೆಗೆ ವಾರದಲ್ಲಿ ಕೆಲವು ದಿನ ಅದಕ್ಕೆ ರಾಗಿ ಮಾಲ್ಟ್ ಕೂಡ ಸೇರಿದೆ. ಒಳ್ಳೆಯ ಕೆಲಸ. ಮನೆಯಲ್ಲಿ ತಿಂಡಿ ತಿನ್ನದೆ ಬರುವ ಮಕ್ಕಳು ನಮ್ಮಲ್ಲೂ ಇದ್ದಾರೆ. ಆದರೆ ಹಾಲಿನ ಪುಡಿ ಎಷ್ಟು ಬಂತು, ಎಷ್ಟು ಖರ್ಚಾಯಿತು, ಮೊಟ್ಟೆ ಎಷ್ಟು ಮಕ್ಕಳಿಗೆ, ಬಾಳೆಹಣ್ಣು ಎಷ್ಟು ಮಕ್ಕಳಿಗೆ, ಎಲ್ಲವನ್ನೂ ಬರೆದಿಡಬೇಕು. ಅದನ್ನು ಮೊಬೈಲಿನಲ್ಲೂ ತುಂಬಬೇಕು. ನಮ್ಮ ಶಾಲೆಯ ಒಳಗೆ ಸಿಗ್ನಲ್ ಸಿಗುವುದಿಲ್ಲ. ಹಿಂದಿನ ಗುಡ್ಡದ ಮೇಲೆ ಒಂದು ಬಂಡೆ ಇದೆ, ಅಲ್ಲಿ ಸಿಗುತ್ತದೆ. ಟೀಚರ್ ಬಂಡೆಯ ಮೇಲೆ ನಿಂತಿರುವಾಗ ಕೆಳಗೆ ಐದು ತರಗತಿಯ ಮಕ್ಕಳು ತಾವೇ ಕಾಪಿ ಬರೆಯುತ್ತಾ ಕೂತಿರುತ್ತಾರೆ.

ಆಮೇಲೆ ಪಾಠ. ಒಂದರಿಂದ ಮೂರು ಒಂದೇ ಕೋಣೆ, ಒಟ್ಟಿಗೆ ಕೂತು ಕಲಿಯುವ ನಲಿ-ಕಲಿ ಪದ್ಧತಿ. ನಾಲ್ಕು ಮತ್ತು ಐದು ಪಕ್ಕದ ಕೋಣೆ. ಒಂದನೇ ತರಗತಿಯ ಮಗುವಿಗೆ ಕೈ ಹಿಡಿದು 'ರ' ಬರೆಸುವಾಗ ಪಕ್ಕದ ಕೋಣೆಯಿಂದ ಐದನೆಯವನು ಬಂದು ಭಿನ್ನರಾಶಿ ಲೆಕ್ಕ ಸರಿಯಾ ಅಂತ ಕೇಳುತ್ತಾನೆ. ಟೀಚರ್ ಎದ್ದು ಹೋಗುತ್ತಾರೆ. 'ರ' ಅರ್ಧಕ್ಕೆ ನಿಲ್ಲುತ್ತದೆ. ದಿನಕ್ಕೆ ಹೀಗೆ ಎಷ್ಟು ಸಲ ಅಂತ ಒಂದು ದಿನ ನಾನೇ ಜಗಲಿಯಲ್ಲಿ ಕೂತು ಎಣಿಸಿದೆ. ಮಧ್ಯಾಹ್ನದ ಊಟದವರೆಗೆ 19 ಸಲ. ಊಟದ ನಂತರ ಎಣಿಸಲಿಲ್ಲ. ಅವರ ಮುಖ ನೋಡಿಯೇ ಸಾಕಾಯಿತು.

ಇದು ಟೀಚರ್ ಶಾಲೆಯಲ್ಲಿ ಇರುವ ದಿನದ ಕಥೆ. ಅವರೇ ಪ್ರಭಾರ ಮುಖ್ಯ ಶಿಕ್ಷಕಿ, ಹಾಗಾಗಿ ಸಭೆ ಇದ್ದರೂ ಅವರೇ ಹೋಗಬೇಕು, ತರಬೇತಿ ಇದ್ದರೂ ಅವರೇ. ಆ ದಿನ ಪಕ್ಕದ ಊರಿನ ಶಾಲೆಯಿಂದ ಒಬ್ಬರನ್ನು ಕಳಿಸುತ್ತಾರೆ. ಅಂದರೆ ಆ ಶಾಲೆಗೂ ಆ ದಿನ ಒಬ್ಬರು ಕಡಿಮೆ. ಯಾರೂ ಸಿಗದ ದಿನ ಅಡುಗೆಯ ಅಕ್ಕ ಒಲೆಯನ್ನೂ ನೋಡಿಕೊಂಡು ಮಕ್ಕಳನ್ನೂ ನೋಡಿಕೊಂಡಿದ್ದಾರೆ. ಅವರಿಗೆ ನಾವೆಲ್ಲ ಋಣಿ.

ಇಷ್ಟೆಲ್ಲ ಆದ ಮೇಲೂ ಒಬ್ಬ ತಾಯಿ ತನ್ನ ಮಗುವನ್ನು ಹಳದಿ ವ್ಯಾನಿಗೆ ಹತ್ತಿಸಿದರೆ ಅವಳಿಗೆ ಇಂಗ್ಲಿಷಿನ ಮರುಳು ಅಂತ ಸುಮ್ನೆ ಹೇಳಿಬಿಡುತ್ತಾರೆ. ನನಗೆ ಇದು ಸರಿ ಅನ್ನಿಸುವುದಿಲ್ಲ. ಯಾಕೆಂದರೆ ಹಾಗೆ ಹತ್ತಿಸಿದವರಲ್ಲಿ ನಾನೂ ಒಬ್ಬಳು. ದೊಡ್ಡ ಮಗಳನ್ನು 2023ರಲ್ಲಿ, ಮೇಷ್ಟ್ರು ಹೋದ ವರ್ಷವೇ, ನಾಲ್ಕನೇ ತರಗತಿಗೆ ಕಾನ್ವೆಂಟಿಗೆ ಸೇರಿಸಿದೆ. ಗುಡ್ಡದ ರಸ್ತೆಯಲ್ಲಿ ಹೋಗಿ ಬರಲು ದಿನಕ್ಕೆ ಎರಡೂವರೆ ತಾಸು. ಮೊದಲ ತಿಂಗಳು ದಿನಾ ವಾಂತಿ. ಫೀಸು ಮತ್ತು ವ್ಯಾನಿಗೆ ಅಂತ ಆ ವರ್ಷ ಒಂದು ಕ್ವಿಂಟಾಲ್ ಅಡಿಕೆಯನ್ನು ಒಳ್ಳೆಯ ದರಕ್ಕೆ ಕಾಯದೆ ಮಾರಿದೆವು. ಅವಳು ಅಲ್ಲಿ ಚೆನ್ನಾಗಿಯೇ ಓದುತ್ತಿದ್ದಾಳೆ. ಆದರೆ ಮಗನನ್ನು ಕಳಿಸುವ ಹೊತ್ತಿಗೆ ನನಗೆ ಬೇರೆ ಅನ್ನಿಸಿತು. ಎಲ್ಲರೂ ಹೋದರೆ, ವ್ಯಾನಿಗೆ ಕೊಡಲು ದುಡ್ಡಿಲ್ಲದ ಮನೆಯ ಮಕ್ಕಳು ಏನು ಮಾಡಬೇಕು? ಈಗ ಶಾಲೆಯಲ್ಲಿ ಇರುವ 14 ಮಕ್ಕಳಲ್ಲಿ ಹೆಚ್ಚಿನವರು ಕೂಲಿ ಮಾಡುವವರ ಮಕ್ಕಳು. ಅವರಿಗೆ ಬೇರೆ ಬಾಗಿಲು ಇಲ್ಲ. ಹಾಗಂತ ಮಗನನ್ನು ಇಲ್ಲೇ ಉಳಿಸಿಕೊಂಡೆ, ಎಸ್‌ಡಿಎಂಸಿಗೂ ಸೇರಿದೆ.

ಈಗ ಕಾನೂನಿನ ಮಾತಿಗೆ ಬರುತ್ತೇನೆ. ಅಧ್ಯಕ್ಷೆ ಆದ ಮೇಲೆ ಇದನ್ನು ಓದಿ ತಿಳಿದುಕೊಂಡೆ.

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಆಯಿತು, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಕೊನೆಯಲ್ಲಿ ಒಂದು ಪಟ್ಟಿ ಇದೆ. ಒಂದರಿಂದ ಐದನೇ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು ಎಂದು ಅಲ್ಲಿ ಬರೆದಿದೆ. ಇಂತಿಷ್ಟು ಮಕ್ಕಳಿಗಿಂತ ಕಡಿಮೆ ಇದ್ದರೆ ಒಬ್ಬರೇ ಸಾಕು ಅಂತ ಎಲ್ಲೂ ಬರೆದಿಲ್ಲ. 14 ಮಕ್ಕಳಿದ್ದರೂ ಇಬ್ಬರು. ನಾಲ್ಕು ಮಕ್ಕಳಿದ್ದರೂ ಇಬ್ಬರು. ಹಾಗಾದರೆ "ಮಕ್ಕಳನ್ನು ಜಾಸ್ತಿ ಮಾಡಿ, ಟೀಚರ್ ಕೇಳಿ" ಎಂಬ ಮಾತಿಗೆ ಆಧಾರ ಎಲ್ಲಿದೆ? ಅದೇ ಕಾಯ್ದೆಯ 25ನೇ ಸೆಕ್ಷನ್ ಒಂದು ಶಾಲೆಯ ಶಿಕ್ಷಕರನ್ನು ಇನ್ನೊಂದು ಶಾಲೆಗೋ ಕಚೇರಿಗೋ ಕೆಲಸಕ್ಕೆ ಹಾಕಬಾರದು ಅನ್ನುತ್ತದೆ. ನಮ್ಮ ಕಡೆ ನಿಯೋಜನೆ ಎಂಬ ಪದ ಕೇಳದ ಶಾಲೆಯೇ ಇಲ್ಲ. 27ನೇ ಸೆಕ್ಷನ್ ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಕಳಿಸಬಾರದು ಅನ್ನುತ್ತದೆ. 2025ರ ದಸರಾದಲ್ಲಿ ಶಿಕ್ಷಕರಿಗೆ ಹಚ್ಚಿದ್ದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಮುಗಿಯಲಿಲ್ಲ ಅಂತ ರಜೆಯನ್ನೇ ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ಸಮೀಕ್ಷೆ ಬೇಡ ಅಂತ ನಾನು ಹೇಳುವುದಿಲ್ಲ. ಯಾರ ಸ್ಥಿತಿ ಹೇಗಿದೆ ಅಂತ ಸರ್ಕಾರಕ್ಕೆ ಗೊತ್ತಿರಬೇಕು. ಆದರೆ ಮಳೆಗೆ ರಜೆ ಕೊಟ್ಟು ಕೊಟ್ಟು ಜುಲೈ ಕಳೆದುಕೊಂಡ ನಮ್ಮ ಮಕ್ಕಳಿಗೆ ಅಕ್ಟೋಬರ್ ಕೂಡ ಅರ್ಧ ಹೋಯಿತು. ಪ್ರಾಥಮಿಕ ತರಗತಿಗೆ ವರ್ಷಕ್ಕೆ 200 ದಿನ ಶಾಲೆ ನಡೆಯಬೇಕು ಅಂತಲೂ ಅದೇ ಕಾಯ್ದೆಯಲ್ಲಿ ಇದೆ.

ನಮ್ಮ ಶಾಲೆಯೊಂದರ ಕಥೆ ಆಗಿದ್ದರೆ ನಾನು ಬಹಿರಂಗ ಪತ್ರ ಬರೆಯುತ್ತಿರಲಿಲ್ಲ. ರಾಜ್ಯದಲ್ಲಿ ಒಬ್ಬರೇ ಶಿಕ್ಷಕರಿರುವ ಶಾಲೆಗಳು ಸಾವಿರಗಟ್ಟಲೆ ಇವೆ. ದೇಶದಲ್ಲಿ ಒಂದು ಲಕ್ಷಕ್ಕೂ ಜಾಸ್ತಿ. ಕರ್ನಾಟಕ ದೊಡ್ಡ ನಾಡು. 2011ರ ಜನಗಣತಿಯಲ್ಲೇ 6 ಕೋಟಿ 11 ಲಕ್ಷ ಜನ. ಬೀದರ್, ಯಾದಗಿರಿ ಕಡೆಯ ಹಳ್ಳಿಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಮಕ್ಕಳು ತುಂಬಿರುತ್ತಾರೆ. ಅಲ್ಲಿಯ ಕಷ್ಟ ಕೊಠಡಿ ಸಾಲದ್ದು, ಖಾಲಿ ಹುದ್ದೆ ತುಂಬದ್ದು. ನಮ್ಮಲ್ಲಿ ಈ ಗುಡ್ಡಕ್ಕೊಂದು ಮನೆ, ಆ ಗದ್ದೆಯಾಚೆ ಎರಡು ಮನೆ. ನಡುವೆ ಹಳ್ಳ. ಒಂದೇ ಅಳತೆಗೋಲು ಹಿಡಿದು ಎರಡೂ ಕಡೆ ಅಳೆದರೆ ಎರಡು ಕಡೆಗೂ ಅನ್ಯಾಯ. ಅವರ ಪಾಲಿನ ಶಿಕ್ಷಕರನ್ನು ಕಿತ್ತು ನಮಗೆ ಕೊಡಿ ಅಂತ ನಾನು ಕೇಳುವುದಿಲ್ಲ. ಅಲ್ಲಿಗೆ ಮಕ್ಕಳ ಲೆಕ್ಕದಲ್ಲಿ ಕೊಡಿ. ಇಲ್ಲಿಗೆ ತರಗತಿ ಲೆಕ್ಕದಲ್ಲಿ ಕೊಡಿ. ನನ್ನ ಇಡೀ ಪತ್ರದಲ್ಲಿ ಇರುವುದು ಇದೊಂದೇ ಬೇಡಿಕೆ, ಉಳಿದದ್ದೆಲ್ಲ ಇದರ ಬಾಲ.

ಶಿವಮೊಗ್ಗ ಜಿಲ್ಲೆಗೆ ಏನು ಕಡಿಮೆ, ಎಸ್ಸೆಸ್ಸೆಲ್ಸಿಯಲ್ಲಿ ಮುಂದಿದೆಯಲ್ಲ ಅಂತ ಕೇಳುವವರಿದ್ದಾರೆ. ಹೌದು, 2024ರಲ್ಲಿ ನಮ್ಮ ಜಿಲ್ಲೆ ರಾಜ್ಯಕ್ಕೆ ಮೂರನೆಯದು. 2025ರಲ್ಲಿ ನಾಲ್ಕನೆಯದು. ನಮಗೆಲ್ಲ ಹೆಮ್ಮೆಯೇ. ಆದರೆ ಈಗ ಹತ್ತನೇ ತರಗತಿ ಪಾಸಾಗುತ್ತಿರುವವರು ಹತ್ತು ವರ್ಷದ ಹಿಂದೆ ಒಂದನೇ ತರಗತಿಗೆ ಸೇರಿದವರು. ಆಗ ನಮ್ಮೂರಿನ ಶಾಲೆಯಲ್ಲಿ ಇಬ್ಬರು ಶಿಕ್ಷಕರಿದ್ದರು. ಈಗಿನ ಒಂದನೇ ತರಗತಿಯ ಮಗು ಏನು ಕಲಿಯಿತು ಅಂತ ಫಲಿತಾಂಶದ ಪಟ್ಟಿಯಲ್ಲಿ ಕಾಣಲು ಇನ್ನೂ ಹತ್ತು ವರ್ಷ ಬೇಕು. ಅಷ್ಟು ಹೊತ್ತಿಗೆ ಸರಿ ಮಾಡಲು ಏನೂ ಉಳಿದಿರುವುದಿಲ್ಲ.

ನಲಿ-ಕಲಿ ಬಗ್ಗೆ ಒಂದು ಮಾತು. ಇದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು. 2009ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಬಂತು. ಒಂದು, ಎರಡು, ಮೂರನೇ ತರಗತಿಯವರು ಒಟ್ಟಿಗೆ ಕೂತು, ಕಾರ್ಡು ಹಿಡಿದು, ತಮ್ಮ ತಮ್ಮ ವೇಗಕ್ಕೆ ಮೆಟ್ಟಿಲು ಹತ್ತುವ ಹಾಗೆ ಮಾಡಿದ್ದಾರೆ. ಮಕ್ಕಳು ಕಡಿಮೆ ಇರುವ, ಎಲ್ಲ ವಯಸ್ಸಿನವರೂ ಬೆರೆತ ನಮ್ಮಂಥ ಶಾಲೆಗೆ ಇದಕ್ಕಿಂತ ಒಪ್ಪುವ ಪದ್ಧತಿ ಇನ್ನೊಂದಿಲ್ಲ. ಇಬ್ಬರು ಟೀಚರ್ ಇದ್ದಾಗ ನಾನು ಕಣ್ಣಾರೆ ನೋಡಿದ್ದೇನೆ. ಎರಡನೆಯವಳು ಒಂದನೆಯವನಿಗೆ ಕಾರ್ಡು ಓದಿ ಹೇಳುತ್ತಿದ್ದಳು. ಆದರೆ ಅದು ನಡೆಯಬೇಕಾದರೆ ಟೀಚರ್ ಆ ಚಾಪೆಯ ಮೇಲೆ, ಆ ಮಕ್ಕಳ ನಡುವೆ ಕೂತಿರಬೇಕು. ಎದ್ದೆದ್ದು ಓಡುವವರಿಂದ ಆಗದು. ನಮ್ಮದೇ ನಾಡಿನಲ್ಲಿ ಹುಟ್ಟಿದ ಇಷ್ಟು ಒಳ್ಳೆಯ ಪದ್ಧತಿ ನಮ್ಮದೇ ಶಾಲೆಯಲ್ಲಿ ಕೈಗೂಡದೆ ಹೋಗುತ್ತಿದೆಯಲ್ಲ ಅಂತ ನನಗೆ ಹೊಟ್ಟೆ ಉರಿಯುತ್ತದೆ.

ಈಗ ವಿಲೀನದ ವಿಷಯ. ಚಿಕ್ಕ ಶಾಲೆಗಳನ್ನೆಲ್ಲ ಸೇರಿಸಿ ಪಂಚಾಯಿತಿಗೊಂದು ದೊಡ್ಡ ಶಾಲೆ ಮಾಡೋಣ ಎಂಬ ಮಾತು ಎಷ್ಟೋ ವರ್ಷದಿಂದ ಇದೆ. 2025ರ ಬಜೆಟ್‌ನಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ನೆರವಿನಲ್ಲಿ 500 ಹೊಸ ಕರ್ನಾಟಕ ಪಬ್ಲಿಕ್ ಶಾಲೆ ಮಾಡುವ ಘೋಷಣೆಯಾಯಿತು. ಈಗ ಮ್ಯಾಗ್ನೆಟ್ ಶಾಲೆ ಎಂಬ ಹೆಸರೂ ಕೇಳುತ್ತಿದ್ದೇವೆ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಡೆ, ತರಗತಿಗೊಬ್ಬ ಶಿಕ್ಷಕರು, ಲ್ಯಾಬು, ಆಟದ ಬಯಲು. ಇದನ್ನು ನಾನು ಸುಮ್ಮನೆ ತಳ್ಳಿಹಾಕುವುದಿಲ್ಲ. ಎರಡೇ ಮಕ್ಕಳಿರುವ ಶಾಲೆಯಲ್ಲಿ ಮಗುವಿಗೆ ಜೊತೆ ಇರುವುದಿಲ್ಲ. ಕಬಡ್ಡಿ ಆಡಲು ಆಗುವುದಿಲ್ಲ, ಜಗಳ ಆಡಿ ರಾಜಿ ಆಗಲೂ ಆಗುವುದಿಲ್ಲ. ಅಂಥ ಕಡೆ ಸೇರಿಸುವುದೇ ಒಳ್ಳೆಯದು ಅಂತ ಆ ತಾಯಂದಿರೇ ಹೇಳಬಹುದು. ಆದರೆ ಅವರನ್ನು ಕೇಳಬೇಕು, ಅಲ್ವಾ?

ಮಲೆನಾಡಿನಲ್ಲಿ ದೂರ ಅನ್ನುವುದು ನಕ್ಷೆಯಲ್ಲಿ ಕಾಣುವುದಿಲ್ಲ. ನಮ್ಮ ಶಾಲೆಯಿಂದ ಮುಂದಿನ ಶಾಲೆಗೆ ನಕ್ಷೆಯಲ್ಲಿ ಗೆರೆ ಎಳೆದರೆ ಎರಡು ಕಿಲೋಮೀಟರ್ ಆಗುವುದಿಲ್ಲ. ಜನವರಿಯಲ್ಲಿ ಗದ್ದೆ ಬದುವಿನ ಮೇಲೆ ನಡೆದರೆ ಅರ್ಧ ತಾಸು. ಜೂನ್ ಕಳೆದರೆ ನಡುವಿನ ಹಳ್ಳ ತುಂಬುತ್ತದೆ. ಅಡಿಕೆ ಮರ ಕಡಿದು ಹಾಕಿದ ಕಾಲುಸಂಕ ಒಂದು ಇದೆ. ಅದು ಪಾಚಿ ಕಟ್ಟಿ ಜಾರುತ್ತದೆ. ಸಂಕ ಬೇಡ ಅಂದರೆ ರಸ್ತೆ ಸುತ್ತಿ ಆರು ಕಿಲೋಮೀಟರ್. 2022ರ ಮಳೆಗಾಲದಲ್ಲಿ ಘಟ್ಟದ ಕೆಳಗೆ ಬೈಂದೂರು ಕಡೆ ಶಾಲೆ ಬಿಟ್ಟು ಮನೆಗೆ ಹೋಗುತ್ತಿದ್ದ ಪುಟ್ಟ ಮಗುವೊಂದು ಕಾಲುಸಂಕದಿಂದ ಬಿದ್ದು ನೀರುಪಾಲಾಯಿತು. ಆ ಸುದ್ದಿ ಬಂದ ರಾತ್ರಿ ನಮ್ಮೂರಿನ ಯಾವ ತಾಯಿಗೂ ನಿದ್ದೆ ಬಂದಿರಲಾರದು. ಶಾಲಾ ಸಂಪರ್ಕ ಸೇತು ಎಂಬ ಯೋಜನೆಯಲ್ಲಿ ಕೆಲವು ಕಡೆ ಸಿಮೆಂಟಿನ ಕಿರುಸೇತುವೆಗಳಾದವು. ನಮ್ಮ ಹಳ್ಳಕ್ಕೆ ಆಗಲಿಲ್ಲ. ಶಿಕ್ಷಣ ಹಕ್ಕಿನ ಕೇಂದ್ರ ನಿಯಮಗಳಲ್ಲಿ ಒಂದು ಕಿಲೋಮೀಟರ್ ನಡಿಗೆಯೊಳಗೆ ಶಾಲೆ ಇರಬೇಕು ಅಂತಿದೆ. ಗುಡ್ಡ ಕುಸಿಯುವ, ನೆರೆ ಬರುವ, ರಸ್ತೆ ಇಲ್ಲದ ಕಡೆ ಆ ದೂರವನ್ನು ಇನ್ನೂ ಕಡಿಮೆ ಮಾಡಿ ಅಂತಲೂ ಅಲ್ಲೇ ಬರೆದಿದೆ. ಆ ಸಾಲು ಬರೆದವರು ನಮ್ಮ ಹಳ್ಳವನ್ನು ನೋಡಿಯೇ ಬರೆದ ಹಾಗಿದೆ.

ಸೇರಿಸಲೇಬೇಕು ಅಂತಾದರೆ ಮೊದಲು ವಾಹನ ಬರಲಿ, ಆಮೇಲೆ ಬೀಗ ಬೀಳಲಿ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ದೂರದ ಮಕ್ಕಳಿಗೆ ಸಾರಿಗೆ ಭತ್ಯೆ ಅಂತ ಮಗುವಿಗೆ ವರ್ಷಕ್ಕೆ 6 ಸಾವಿರ ರೂಪಾಯಿವರೆಗೆ ಕೊಡಬಹುದು. ನಮ್ಮೂರಿನ ಜೀಪಿನವರನ್ನು ಕೇಳಿದೆ. ಡೀಸೆಲ್, ಕೆಟ್ಟ ರಸ್ತೆ ಎಲ್ಲ ಲೆಕ್ಕ ಹಾಕಿ ತಿಂಗಳಿಗೆ 15 ಸಾವಿರಕ್ಕಿಂತ ಕಡಿಮೆಗೆ ಆಗುವುದಿಲ್ಲ ಎಂದರು. ಹತ್ತು ತಿಂಗಳಿಗೆ ಒಂದೂವರೆ ಲಕ್ಷ. 14 ಮಕ್ಕಳ ಭತ್ಯೆ ಸೇರಿಸಿದರೆ 84 ಸಾವಿರ. ಉಳಿದ 66 ಸಾವಿರ ಯಾರು ಕೊಡಬೇಕು? ಇಲ್ಲೂ ಅದೇ ತೊಂದರೆ. ಮಕ್ಕಳ ತಲೆ ಎಣಿಸಿ ದುಡ್ಡು ಕೊಟ್ಟರೆ ತಲೆ ಕಡಿಮೆ ಇರುವ ಕಡೆ ಜೀಪು ಹೊರಡುವುದೇ ಇಲ್ಲ.

ಬಸ್ಸಿನದ್ದೂ ಇದೇ ಕಥೆ, ಬೇಗ ಹೇಳಿ ಮುಗಿಸುತ್ತೇನೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತ. ನಮ್ಮ ಕಡೆಯ ಎಷ್ಟೋ ಊರಿಗೆ ಓಡುವುದು ಖಾಸಗಿ ಬಸ್ ಮಾತ್ರ. ಆರನೇ ತರಗತಿಗೆ ಪಕ್ಕದ ಊರಿಗೆ ಹೋಗುವ ನಮ್ಮ ಹುಡುಗಿಯರು ಇಂದಿಗೂ ಟಿಕೆಟ್ ತೆಗೆಸುತ್ತಾರೆ. ಬೆಳಿಗ್ಗೆ ಒಂದು, ಸಂಜೆ ಒಂದು ಸರ್ಕಾರಿ ಬಸ್ ಬಂದರೆ ಹುಡುಗಿಯರಿಗೂ ಆಗುತ್ತದೆ, ಟೀಚರಿಗೂ ಆಗುತ್ತದೆ.

ಟೀಚರ್‌ಗಳು ಮಲೆನಾಡಿಗೆ ಬರಲು ಯಾಕೆ ಹಿಂದೇಟು ಹಾಕುತ್ತಾರೆ ಅಂತ ಅವರನ್ನು ಬೈಯುವ ಮೊದಲು ಅವರ ದಿನವನ್ನೂ ನೋಡಬೇಕು. ಊರಲ್ಲಿ ಬಾಡಿಗೆಗೆ ಮನೆ ಸಿಗುವುದಿಲ್ಲ. ನಾಲ್ಕು ಮುಕ್ಕಾಲಿನ ಬಸ್ ತಪ್ಪಿದರೆ ರಾತ್ರಿ ಯಾರ ಮನೆಯಲ್ಲಾದರೂ ಉಳಿಯಬೇಕು. ಚಿಕ್ಕ ಮಗುವನ್ನು ಬಿಟ್ಟು ಬರುವ ತಾಯಂದಿರೂ ಅವರಲ್ಲಿದ್ದಾರೆ. ನಾಲ್ಕೈದು ಶಾಲೆಗಳ ನಡುವೆ ಒಂದು ಕಡೆ ಎರಡು ಮೂರು ವಸತಿಗೃಹ ಕಟ್ಟಿಸಿದರೆ ಅರ್ಧ ತೊಂದರೆ ಕಳೆಯುತ್ತದೆ. ಗುಡ್ಡದ ಶಾಲೆಯಲ್ಲಿ ಕೆಲಸ ಮಾಡಿದ ವರ್ಷಗಳಿಗೆ ವರ್ಗಾವಣೆಯಲ್ಲಿ ಜಾಸ್ತಿ ತೂಕ ಕೊಡಿ. ಆದರೆ ಬದಲಿಗೆ ಬರುವವರು ಶಾಲೆಗೆ ಹಾಜರಾದ ಮೇಲೆಯೇ ಹೋಗುವವರನ್ನು ಬಿಡುಗಡೆ ಮಾಡಿ. ಈ ಒಂದು ನಿಯಮ 2023ರಲ್ಲಿ ನಮ್ಮ ಶಾಲೆಯ ಮಟ್ಟಿಗೆ ಪಾಲನೆ ಆಗಿದ್ದರೆ ನಾನು ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಅತಿಥಿ ಶಿಕ್ಷಕರನ್ನು ಕೊಡುತ್ತೇವೆ ಅನ್ನುತ್ತೀರಿ. ನಮಗೂ ಒಂದು ವರ್ಷ ಕೊಟ್ಟಿದ್ದರು. ಪದವಿ, ಬಿ.ಎಡ್. ಮುಗಿಸಿದ ಪಕ್ಕದೂರಿನ ಹುಡುಗಿ. ಚೆನ್ನಾಗಿ ಹಾಡು ಹೇಳಿಕೊಡುತ್ತಿದ್ದಳು. ಬಂದಿದ್ದು ಆಗಸ್ಟ್‌ನಲ್ಲಿ, ಬಿಟ್ಟಿದ್ದು ಡಿಸೆಂಬರ್‌ನಲ್ಲಿ. ಮೂರು ತಿಂಗಳ ಗೌರವಧನ ಬಾಕಿ ಇತ್ತು. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸ ಸಿಕ್ಕಿತು ಅಂತ ಹೋದಳು. ಹೋಗುವ ದಿನ ಮಕ್ಕಳಿಗೆಲ್ಲ ಒಂದೊಂದು ಪೆನ್ಸಿಲ್ ಕೊಟ್ಟು ಅತ್ತಳು. 2025ರಲ್ಲಿ ಗೌರವಧನ 2 ಸಾವಿರ ಹೆಚ್ಚಾಗಿದೆ. ಪ್ರಾಥಮಿಕ ಶಾಲೆಯವರಿಗೆ ಈಗ ತಿಂಗಳಿಗೆ 12 ಸಾವಿರ. ದಿನಕ್ಕೆ ಐನೂರೂ ಬೀಳುವುದಿಲ್ಲ. ನಮ್ಮ ತೋಟಕ್ಕೆ ಅಡಿಕೆ ಇಳಿಸಲು ಬರುವ ಕೊನೆಗಾರರು ಅದರ ಎರಡು ಮೂರು ಪಟ್ಟು ದುಡಿಯುತ್ತಾರೆ, ಸಂಜೆಗೆ ಕೈಗೆ ದುಡ್ಡು ಬರುತ್ತದೆ. ಮಗುವಿಗೆ ಅಕ್ಷರ ಕಲಿಸುವವರಿಗೆ ಇದೆಂಥ ಲೆಕ್ಕ, ನೀವೇ ಹೇಳಿ. ಅತಿಥಿ ಶಿಕ್ಷಕರನ್ನೇ ಕೊಡುವುದಾದರೆ ಶಾಲೆ ತೆರೆಯುವ ದಿನವೇ ಕೊಡಿ, ತಿಂಗಳು ತಿಂಗಳು ಸಂಬಳ ಕೊಡಿ, ಮುಂದಿನ ವರ್ಷವೂ ಅವರೇ ಬರುವಂತೆ ಮಾಡಿ.

ಇಂಗ್ಲಿಷ್ ಬಗ್ಗೆಯೂ ಹೇಳದಿದ್ದರೆ ಪತ್ರ ಪೂರ್ತಿ ಆಗುವುದಿಲ್ಲ. ನನ್ನ ಕಾಲದಲ್ಲಿ ಎಬಿಸಿಡಿ ಶುರುವಾಗುತ್ತಿದ್ದದ್ದು ಐದನೇ ತರಗತಿಯಲ್ಲಿ. 2007ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. 2025ರಲ್ಲಿ ಸುಖದೇವ್ ಥೋರಟ್ ಅವರ ಆಯೋಗ ಕನಿಷ್ಠ ಐದನೇ ತರಗತಿವರೆಗೆ ಕನ್ನಡದಲ್ಲಿ ಅಥವಾ ಮಾತೃಭಾಷೆಯಲ್ಲಿ ಪಾಠ ಆಗಬೇಕು ಅಂತ ಸರ್ಕಾರಕ್ಕೆ ವರದಿ ಕೊಟ್ಟಿದೆ. ನನಗೂ ಅದು ಸರಿ ಅನ್ನಿಸುತ್ತದೆ. ನನ್ನ ಮಗನಿಗೆ ಹಳ್ಳ, ಗದ್ದೆ, ಅಳಿಲು, ಮಂಗಟ್ಟೆ ಹಕ್ಕಿ ಎಲ್ಲ ಕನ್ನಡದಲ್ಲೇ ಗೊತ್ತು. ಗೊತ್ತಿರುವುದರಿಂದಲೇ ಗೊತ್ತಿಲ್ಲದ್ದಕ್ಕೆ ಹೋಗಬೇಕು. ಆದರೆ ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸಲು ಅದನ್ನು ಬಲ್ಲ ಒಬ್ಬರು ದಿನಕ್ಕೆ ಮುಕ್ಕಾಲು ತಾಸು ಮಕ್ಕಳ ಮುಂದೆ ಇರಬೇಕು. ಅಷ್ಟಾದರೆ ಹಳದಿ ವ್ಯಾನಿನ ಹನ್ನೊಂದು ಮಕ್ಕಳಲ್ಲಿ ಐದಾರು ಮಕ್ಕಳು ವಾಪಸ್ ಬರುತ್ತಾರೆ. ಆ ಮನೆಗಳಿಗೆಲ್ಲ ಹೋಗಿ ಮಾತಾಡಿಯೇ ಇದನ್ನು ಬರೆಯುತ್ತಿದ್ದೇನೆ.

ಸಚಿವರೇ, ನೀವು ಸೊರಬದವರು. ನಿಮ್ಮ ತಂದೆ ಬಂಗಾರಪ್ಪನವರು ಮುಖ್ಯಮಂತ್ರಿ ಆಗಿದ್ದಾಗ ಹಳ್ಳಿಯಲ್ಲಿ ಓದಿದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಗ್ರಾಮೀಣ ಕೃಪಾಂಕ ತಂದರು. ಹಳ್ಳಿಯ ಶಾಲೆಗೂ ಪೇಟೆಯ ಶಾಲೆಗೂ ಇರುವ ಅಂತರವನ್ನು ಸರ್ಕಾರ ಒಪ್ಪಿಕೊಂಡ ಕೆಲಸ ಅದು. 2013ರಿಂದ ಮೂರು ವರ್ಷ ಇದೇ ಖಾತೆ ನೋಡಿಕೊಂಡ ಕಿಮ್ಮನೆ ರತ್ನಾಕರ್ ಅವರು ತೀರ್ಥಹಳ್ಳಿಯವರು. ಉಂಬಳ, ಕಾಲುಸಂಕ, ಮಳೆ ರಜೆ ಎಂದರೆ ಏನು ಅಂತ ನಿಮಗೆ ವಿವರಿಸಿ ಹೇಳಬೇಕಾಗಿಲ್ಲ. ಆ ಧೈರ್ಯದಿಂದಲೇ ಬರೆಯುತ್ತಿದ್ದೇನೆ. ಶರಾವತಿ ಹಿನ್ನೀರಿನ ತುಮರಿ ಕಡೆಯವರನ್ನು ನೆನಪು ಮಾಡಿಕೊಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಸುತ್ತ ನೀರು ನಿಂತಿತು. ಅಲ್ಲಿಂದ ಅವರು ಲಾಂಚಿಗೆ ಕಾದು ಕಾದು, ಸೇತುವೆಯ ಮೇಲೆ ಓಡಾಡಿದ್ದು 2025ರ ಜುಲೈನಲ್ಲಿ. 60 ವರ್ಷ. ಸೇತುವೆಗೆ ಹಿರಿಯರು ಕಾಯಬಲ್ಲರು. ಆರು ವರ್ಷದ ಮಗು ಅಕ್ಷರಕ್ಕೆ ಎಷ್ಟು ವರ್ಷ ಕಾಯಬಲ್ಲದು?

ಬೆಂಗಳೂರಿನಲ್ಲಿರುವ ನಮ್ಮೂರಿನವರಿಗೂ ಒಂದು ಮಾತು. 'ನಮ್ಮ ಶಾಲೆ ನನ್ನ ಕೊಡುಗೆ' ಅಂತ ನೀವು ದುಡ್ಡು ಸೇರಿಸಿ ಟಿವಿ ಕೊಟ್ಟಿರಿ, ಗೋಡೆಗೆ ಚಂದದ ಬಣ್ಣ ಮಾಡಿಸಿದಿರಿ. ಮಕ್ಕಳಿಗೆ ಬಹಳ ಖುಷಿಯಾಯಿತು. ನಿಮ್ಮ ಪ್ರೀತಿ ದೊಡ್ಡದು. ಮುಂದಿನ ಸಲ ಊರಿಗೆ ಬಂದಾಗ ನಮ್ಮ ಜೊತೆ ಒಂದು ದಿನ ಪೇಟೆಯ ಕಚೇರಿಗೆ ಬನ್ನಿ. ಮೂವರು ಹೆಂಗಸರು ಅರ್ಜಿ ಹಿಡಿದು ನಿಲ್ಲುವುದಕ್ಕೂ, ಜೊತೆಗೆ ಇಪ್ಪತ್ತು ಜನ ಹಳೇ ವಿದ್ಯಾರ್ಥಿಗಳು ನಿಲ್ಲುವುದಕ್ಕೂ ವ್ಯತ್ಯಾಸ ಇದೆ. ಬೇರೆ ಊರಿನ ಎಸ್‌ಡಿಎಂಸಿಯವರೇ, ನಿಮ್ಮ ಶಾಲೆಯ ಹಾಜರಿ ಪುಸ್ತಕವನ್ನೂ ತೆಗೆದು ನೋಡಿ. ಶಿಕ್ಷಕರು ಹೋದದ್ದು ಯಾವ ವರ್ಷ, ಮಕ್ಕಳು ಹೋದದ್ದು ಯಾವ ವರ್ಷ ಅಂತ ಒಂದು ಹಾಳೆಯಲ್ಲಿ ಬರೆದು ಅರ್ಜಿಯ ಜೊತೆ ಲಗತ್ತಿಸಿ. ಕಾನೂನು ಎಸ್‌ಡಿಎಂಸಿಯಲ್ಲಿ ತಂದೆತಾಯಿಗೆ ಮುಕ್ಕಾಲು ಪಾಲು ಕೊಟ್ಟಿದೆ, ಅರ್ಧ ಹೆಂಗಸರೇ ಇರಬೇಕು ಅಂದಿದೆ. ಅದು ಆಗಸ್ಟ್ 15ಕ್ಕೆ ಬಾವುಟದ ಹತ್ತಿರ ನಿಲ್ಲಲು ಮಾತ್ರ ಅಲ್ಲ.

ನಮ್ಮ ಅಂಗನವಾಡಿಯಲ್ಲಿ ಈಗ ಐದು ಮಕ್ಕಳಿದ್ದಾರೆ. ಅವರಲ್ಲಿ ಮೂವರು ಬರುವ ಜೂನ್‌ಗೆ ಒಂದನೇ ತರಗತಿ. ಮೂರೂ ಮನೆಯವರು ಇನ್ನೂ ತೀರ್ಮಾನ ಮಾಡಿಲ್ಲ. ವ್ಯಾನಿನವರು ಮುಂದಿನ ವರ್ಷಕ್ಕೆ ಅಡ್ವಾನ್ಸ್ ಕೇಳಿಕೊಂಡು ಬರುವುದು ಮಾರ್ಚ್ ಕೊನೆಗೆ. ನಮ್ಮ ಶಾಲೆಗೆ ಎರಡನೇ ಟೀಚರಿನ ಆದೇಶ ಅದಕ್ಕೂ ಮೊದಲು ಬಂದರೆ ಆ ಕಾಗದ ಹಿಡಿದುಕೊಂಡು ನಾನೇ ಮೂರೂ ಮನೆಗೆ ಹೋಗುತ್ತೇನೆ. ಒಂದು ಮನೆ ಹಳ್ಳದ ಆಚೆ ಇದೆ. ಮಾರ್ಚ್‌ನಲ್ಲಿ ಸಂಕದ ಮೇಲೆ ದಾಟಬಹುದು.

ಇಂತಿ ನಮಸ್ಕಾರಗಳೊಂದಿಗೆ,
ಒಂದು ಗುಡ್ಡದ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷೆ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ